ಬಾಳೆಹಣ್ಣಿನ ವಾಸನೆ ಬಂದರೆ ಕೈ ಎತ್ತಬೇಕು

ಅಮೃತಪ್ಪನ ಮುಖವನ್ನು ಯಾರೂ ಚೆಂದ ಅಂದವರಲ್ಲ. ಉದ್ದ ಮುಖ, ಒಳಕ್ಕೆ ಬಿದ್ದ ಕೆನ್ನೆ, ಎದ್ದು ಕಾಣುವ ದವಡೆ, ಗದ್ದದ ನಡುವೆ ಬೆರಳಿಟ್ಟು ಒತ್ತಿದಂಥ ಒಂದು ಕುಳಿ. ಸೇಡಂ ಕಡೆಯ ಅವನ ಊರಿನಲ್ಲಿ ಜೊತೆಯ ಹುಡುಗರು ಅವನನ್ನು ಕುದುರೆ ಎಂದೇ ಕರೆಯುತ್ತಿದ್ದರು. ಹೆಣ್ಣು ನೋಡಲು ಹೋದ ದಿನ ಸಾಬಮ್ಮನ ಚಿಕ್ಕಮ್ಮ ನಾಲ್ಕು ಜನರ ಮುಂದೆಯೇ, "ಹುಡುಗ ಉಣ್ತಾನೋ ಇಲ್ಲೋ?" ಎಂದು ಕೇಳಿದ್ದಳು. ಇದೇ ಮುಖ ಒಂದು ದಿನ ದೇಶಕ್ಕೆ ಬೇಕಾಗುತ್ತದೆ ಎಂದು ಯಾರಾದರೂ ಆಗ ಹೇಳಿದ್ದರೆ ಊರಿಗೆ ಊರೇ ಬಿದ್ದು ಬಿದ್ದು ನಗುತ್ತಿತ್ತು. ಆದರೆ ಬೇಕಾಯಿತು. ಬೇಕಾಗದೇ ಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು.

ತೊಂಬತ್ತರ ದಶಕದ ಮೊದಲಲ್ಲಿ ಗಂಡ ಹೆಂಡತಿ ಬೆಂಗಳೂರಿಗೆ ಬಂದು ಲಿಂಗರಾಜಪುರದಲ್ಲಿ ಗೋವಿಂದಮ್ಮ ಎಂಬಾಕೆಯ ವಠಾರದಲ್ಲಿ ಒಂದು ಕೋಣೆ ಹಿಡಿದರು. ಗಾರೆ ಕೆಲಸದ ಮೇಸ್ತ್ರಿಯೊಬ್ಬ ಅಮೃತಪ್ಪನನ್ನು ಸೇರಿಸಿಕೊಂಡು, ಹಳೇ ಮದ್ರಾಸ್ ರಸ್ತೆಯಿಂದ ಒಳಗೆ, ವಿಮಾನಪುರಕ್ಕೆ ಇನ್ನೂ ಸ್ವಲ್ಪ ದೂರವಿರುವಾಗ ಸಿಗುವ ಒಂದು ದೊಡ್ಡ ಕಾಂಪೌಂಡಿಗೆ ಕೆಲಸಕ್ಕೆ ಕರೆದುಕೊಂಡು ಹೋದ. ಗೇಟಿನಲ್ಲಿ ಬಂದೂಕು ಹಿಡಿದ ಕಾವಲು, ಒಳಗೆ ಮರಗಳು, ಹೊರಗೆ ಬೋರ್ಡು ಮಾತ್ರ ಇಲ್ಲ. "ಅಲ್ಲಿ ಬಾಂಬು ಮಾಡ್ತಾರಂತೆ ಕಣಪ್ಪ, ಹುಷಾರು," ಎಂದು ಗೋವಿಂದಮ್ಮ ಎಚ್ಚರಿಸಿದಳು. ಬಾಂಬೂ ಇರಲಿಲ್ಲ, ಗೀಂಬೂ ಇರಲಿಲ್ಲ. ಯಾರಾದರೂ ವಿಷದ ಗಾಳಿ ಬಿಟ್ಟರೆ, ರೋಗದ ಪುಡಿ ಎರಚಿದರೆ ನಮ್ಮ ಜನ ಉಸಿರಾಡುವುದು ಹೇಗೆ ಎಂದು ತಲೆ ಕೆಡಿಸಿಕೊಂಡ ಕೆಲವರು ಅಲ್ಲಿದ್ದರು, ಅಷ್ಟೆ.

ಕೊಲ್ಲಿ ಯುದ್ಧದ ಸಮಯದಲ್ಲಿ ಮೂತಿ ಉದ್ದದ ಮಾಸ್ಕು ಹಾಕಿಕೊಂಡ ಸೈನಿಕರ ಚಿತ್ರಗಳು ಪೇಪರಿನಲ್ಲಿ ದಿನಾ ಬಂದಿದ್ದವು. ಅದನ್ನು ನೋಡಿದ ಮೇಲಿನವರು, ನಮ್ಮ ಹತ್ತಿರ ಏನಿದೆ ಎಂದು ಈ ಕಾಂಪೌಂಡಿನವರನ್ನು ಕೇಳಿದರು. ಇದ್ದದ್ದು ಹೊರದೇಶದ ಮಾಸ್ಕುಗಳು. ಅಲ್ಲಿನವರ ತುಂಬುಗೆನ್ನೆಗೆ ಅಳತೆ ಮಾಡಿ ಹೊಯ್ದ ರಬ್ಬರು ನಮ್ಮ ಬತ್ತಿದ ಕೆನ್ನೆಗಳ ಮೇಲೆ ಕೂರುತ್ತಿರಲಿಲ್ಲ. ಪಕ್ಕದಲ್ಲಿ ಒಂದೆಳೆ ಸಂದು ಉಳಿದರೂ ಸಾಕು, ವಿಷ ಒಳಗೆ ಬಂದಂತೆಯೇ. ನಮ್ಮ ಮುಖಕ್ಕೆ ನಮ್ಮದೇ ಮಾಸ್ಕು ಆಗಬೇಕು ಎಂದು ತೀರ್ಮಾನವಾಯಿತು. ಆ ಕೆಲಸ ಮಧುಕರ್ ಎಂಬ ವಿಜ್ಞಾನಿಯ ಪಾಲಿಗೆ ಬಂತು. ಆತ ಒಳ್ಳೆಯವನೇ, ಆದರೆ ಎದುರಿಗೆ ಬಂದವರಲ್ಲಿ ಮನುಷ್ಯನಿಗಿಂತ ಮೊದಲು ಅವರ ಕೆನ್ನೆಯ ಆಳ ನೋಡುವ ಅಭ್ಯಾಸ ಮಾಡಿಕೊಂಡಿದ್ದ.

ಒಂದು ದಿನ ಮರದ ಕೆಳಗೆ ಟೀ ಕುಡಿಯುತ್ತ ಕೂತಿದ್ದ ಅಮೃತಪ್ಪನ ಮುಂದೆ ಮಧುಕರ್ ಗಕ್ಕನೆ ನಿಂತುಬಿಟ್ಟ. "ಏನಪ್ಪಾ ನಿನ್ನ ಹೆಸ್ರು? ಸ್ವಲ್ಪ ಆ ಕಡೆ ತಿರುಗು. ಈಗ ಈ ಕಡೆ." ಸಂತೆಯಲ್ಲಿ ಎತ್ತು ನೋಡುವಂತೆ ನೋಡಿದ. ಆಮೇಲೆ ಒಳಗೆ ಕರೆದುಕೊಂಡು ಹೋಗಿ ಕಬ್ಬಿಣದ ಇಕ್ಕಳದಂಥದ್ದರಲ್ಲಿ ದವಡೆ, ಕೆನ್ನೆ, ಮೂಗು ಎಲ್ಲವನ್ನೂ ಅಳೆದ. "ಈ ಮುಖದ ಮೇಲೆ ಮಾಸ್ಕ್ ಕೂತ್ರೆ ಇಂಡಿಯಾದಲ್ಲಿ ಯಾರ ಮೇಲಾದ್ರೂ ಕೂರತ್ತೆ," ಎಂದು ಜೊತೆಯವರಿಗೆ ಹೇಳಿದ. ಮರುವಾರದಿಂದ ಅಮೃತಪ್ಪ ಗಾರೆ ಬಾಂಡಲಿ ಬಿಟ್ಟ. ಅವನ ಕೆಲಸ ಈಗ ಮುಖ ಕೊಡುವುದು.

ಪರೀಕ್ಷೆ ಸರಳವಾಗಿತ್ತು. ಗಾಜಿನ ಒಂದು ಪುಟ್ಟ ಗೂಡು, ಅದರಲ್ಲೊಂದು ಸ್ಟೂಲು. ಮಾಸ್ಕು ಬಿಗಿದು ಅವನನ್ನು ಒಳಗೆ ಕೂರಿಸುತ್ತಿದ್ದರು. ಕಳಿತ ಬಾಳೆಹಣ್ಣಿನ ವಾಸನೆಯ ಒಂದು ದ್ರವದಲ್ಲಿ ಬಟ್ಟೆ ಅದ್ದಿ ಗೂಡಿನೊಳಗೆ ನೇತುಹಾಕುತ್ತಿದ್ದರು. ಅದು ವಿಷವೇನಲ್ಲ, ವಾಸನೆ ಅಷ್ಟೆ. ತಲೆ ಆಡಿಸು, ಬಗ್ಗು, ಏಳು, ಜೋರಾಗಿ ಏನಾದರೂ ಹೇಳು ಎನ್ನುತ್ತಿದ್ದರು. ವಾಸನೆ ಮೂಗಿಗೆ ಬಂದರೆ ಬಲಗೈ ಎತ್ತಬೇಕು, ಬಾರದಿದ್ದರೆ ಕೈ ಮೊಣಕಾಲ ಮೇಲೇ ಇರಬೇಕು. ಮೊದಲ ವರ್ಷವಿಡೀ ಕೈ ಎತ್ತಿದ್ದೇ ಎತ್ತಿದ್ದು. ಅವನ ಕೈ ಮೇಲೆದ್ದರೆ ಗಾಜಿನಾಚೆ ನಿಂತವರ ಮುಖವೆಲ್ಲ ಸಪ್ಪಗಾಗುತ್ತಿತ್ತು. ಅವನಿಗೇ ಪಾಪ ಅನ್ನಿಸಿ, ಒಂದೆರಡು ಸಲ ಎತ್ತದೆ ಸುಮ್ಮನಿದ್ದುಬಿಡಲೇ ಎಂದು ಯೋಚಿಸಿದ್ದೂ ಉಂಟು. ಆದರೆ ಸುಳ್ಳು ಕೈ ಅವನಿಂದ ಆಗಲಿಲ್ಲ.

ಇನ್ನೊಂದು ಕಟ್ಟುಪಾಡಿತ್ತು: ಮುಖ ದಿನಾ ನುಣ್ಣಗಿರಬೇಕು. ಚೂರು ಕೂದಲು ಬೆಳೆದರೂ ರಬ್ಬರು ಚರ್ಮಕ್ಕೆ ಅಂಟುವುದಿಲ್ಲ. ಹಾಗಾಗಿ ಬೆಳಗ್ಗೆ ಬಸ್ಸಿಗೆ ಹೋಗುವ ಮುಂಚೆ ರೈಲು ಹಳಿಯ ಪಕ್ಕದ ಅಹ್ಮದ್ ಪಾಷಾನ ಕ್ಷೌರದಂಗಡಿಯಲ್ಲಿ ಅಮೃತಪ್ಪನ ಹಾಜರಿ. "ಅರೆ ಅಮೃತ್ ಭಾಯ್, ದಿನಾ ಶೇವಿಂಗು, ದಿನಾ ಶಾದಿ ಐತಾ ನಿಂದು?" ಎಂದು ಪಾಷಾ ಕಿಚಾಯಿಸುತ್ತಿದ್ದ. ಅಮೃತಪ್ಪ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದ. ಕುದುರೆ ಮುಖದವನಿಗೆ ದಿನಾ ಕನ್ನಡಿ ನೋಡಿಕೊಳ್ಳುವ ಯೋಗ ಬಂದಿತ್ತು.

ಒಳಗಿನ ವಿಷಯ ಹೊರಗೆ ಹೇಳಬಾರದು ಎಂದು ಅವನಿಗೆ ತಾಕೀತು ಮಾಡಿದ್ದರು. ಆದರೆ ಹೆಂಡತಿ ಹೊರಗಿನವಳೇ? ಸಂಜೆ ಚಹಾ ಲೋಟ ಹಿಡಿದು ಎಲ್ಲವನ್ನೂ ಹೇಳಿಬಿಡುತ್ತಿದ್ದ. ಮಾಸ್ಕಿನ ಡಬ್ಬಿಯಲ್ಲಿ ವಿಷ ಹೀರುವುದಕ್ಕೆ ತೆಂಗಿನ ಚಿಪ್ಪಿನ ಇದ್ದಿಲು ತುಂಬುತ್ತಾರೆ ಎಂದು ಕೇಳಿ ಸಾಬಮ್ಮ, "ನಾವು ಬಿಸಾಕೋ ಚಿಪ್ಪಿಗೆ ಅಷ್ಟು ಬೆಲೆ ಅದ ಏನ್ರೀ?" ಎಂದು ಬೆರಗಾಗಿದ್ದಳು. ಬಾಳೆಹಣ್ಣಿನ ವಿಷಯ ಕೇಳಿದ ಮೇಲಂತೂ ಅವಳಿಗೆ ಅದೇ ಆಟವಾಯಿತು. ಅವನು ಒಲೆಯ ಕಡೆ ಬೆನ್ನು ಮಾಡಿ ಕೂತಿದ್ದಾಗ ಹಿಂದಿನಿಂದ ಬಂದು ಮೂಗಿನ ಹತ್ತಿರ ಹಣ್ಣು ಹಿಡಿಯುವಳು. ಅವನು ತಿರುಗಿ ನೋಡದೆ ಕೈ ಎತ್ತುವನು. ಬರಬರುತ್ತ ಹಣ್ಣೂ ಬೇಕಿರಲಿಲ್ಲ. ಒಬ್ಬರು ಮನಸ್ಸಿನಲ್ಲಿ ಮುಚ್ಚಿಟ್ಟದ್ದು ಇನ್ನೊಬ್ಬರಿಗೆ ತಿಳಿದರೆ, ಮುಟ್ಟಿದರೆ, ಬಾಯಲ್ಲಿ ಹೇಳುವ ಬದಲು ಕೈ ಎತ್ತುವುದು ಅವರಿಬ್ಬರ ರೂಢಿಯಾಯಿತು. ಸಾಬಮ್ಮ ಊರು ನೆನೆದು ಮಂಕಾಗಿದ್ದರೆ ಅವನು ಬಾಗಿಲಲ್ಲೇ ನಿಂತು ಕೈ ಎತ್ತುತ್ತಿದ್ದ. ಅವಳು ಅಳುತ್ತಿದ್ದವಳು ನಕ್ಕುಬಿಡುತ್ತಿದ್ದಳು.

ನಗುವುದಕ್ಕೆ ಅವಳಿಗೆ ಬೇರೆ ಕಾರಣಗಳು ಹೆಚ್ಚು ಇರಲಿಲ್ಲ. ಎರಡು ಬಸಿರು ನಿಂತು ಇಳಿದುಹೋಗಿದ್ದವು. ಎರಡನೆಯದರ ಮೇಲೆ ತವರಿನವರು ಕೂಡ ಏನಾದರೂ ವಿಶೇಷವೇ ಎಂದು ಕೇಳುವುದನ್ನು ಬಿಟ್ಟಿದ್ದರು. ಹಾಗಿರುವಾಗ ಒಂದು ಸಂಜೆ ಅಮೃತಪ್ಪ ಮನೆಗೆ ಬಂದರೆ ಸಾಬಮ್ಮ ಗೋಡೆಗೆ ಒರಗಿ, ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತಿದ್ದಾಳೆ. ಇವನು ಗಾಬರಿಯಾಗಿ ಹತ್ತಿರ ಹೋದಾಗ ಮುಚ್ಚಿದ ಮುಖದಲ್ಲೇ ಅವಳ ಬಲಗೈ ನಿಧಾನವಾಗಿ ಮೇಲೆದ್ದಿತು. "ಏನೋ ಒಳಗ ಬಂದದ ರೀ," ಎಂದಳು. ಅವತ್ತು ಅವರಿಬ್ಬರೂ ಅಡುಗೆ ಮಾಡುವುದನ್ನೇ ಮರೆತರು.

ಹೆಂಡತಿ ಬಸುರಿಯಾದರೆ ಗಂಡ ತಲೆಗೂ ಗಡ್ಡಕ್ಕೂ ಕತ್ತಿ ಮುಟ್ಟಿಸಬಾರದು. ಇದು ಸೇಡಂನಲ್ಲೂ ಇದೆ, ಲಿಂಗರಾಜಪುರದಲ್ಲೂ ಇದೆ. ಹಿಂದಿನ ಎರಡು ಸಲ ಅಮೃತಪ್ಪ ಅದನ್ನು ಪಾಲಿಸಿರಲಿಲ್ಲ, ಕೆಲಸ ಹಾಗಿತ್ತು. ಈ ಸಲ ಗೋವಿಂದಮ್ಮ ಬಾಗಿಲಿಗೇ ಬಂದು, "ನೋಡಪ್ಪ, ಎರಡು ಕಳ್ಕೊಂಡಿದೀರ. ಈ ಸತಿ ಗಡ್ಡಕ್ಕೆ ಕೈ ಹಾಕ್ಬೇಡ, ಹೇಳ್ಬಿಟ್ಟಿದೀನಿ," ಎಂದಳು. ಸಾಬಮ್ಮ ಅವನ ಮುಖ ನೋಡಿದಳು. ಆ ನೋಟಕ್ಕೆ ಅಮೃತಪ್ಪ, "ಇಲ್ಲ, ತೆಗ್ಯಾಂಗಿಲ್ಲ. ಕೂಸು ಬರೋತನಕ ತೆಗ್ಯಾಂಗಿಲ್ಲ," ಎಂದು ಮಾತು ಕೊಟ್ಟ.

ಅದೃಷ್ಟವೋ ಏನೋ, ಅದೇ ಹೊತ್ತಿಗೆ ಗಾಜಿನ ಗೂಡಿನ ಕೆಲಸ ನಿಂತಿತು. ರಬ್ಬರಿನ ಅಚ್ಚು ಬದಲಾಯಿಸಬೇಕು, ಹೊಸದು ಬರಲು ತಿಂಗಳುಗಳೇ ಹಿಡಿಯುತ್ತವೆ ಎಂದರು. ಅಮೃತಪ್ಪನನ್ನು ಇದ್ದಿಲು ಜರಡಿ ಹಿಡಿಯುವುದಕ್ಕೆ, ಗುಡಿಸುವುದಕ್ಕೆ ಹಾಕಿದರು. ಗಡ್ಡ ಎದೆಯ ಕಡೆ ಇಳಿಯತೊಡಗಿತು. ಲ್ಯಾಬಿನ ಹುಡುಗರು "ಏನ್ ಗುರು, ಸನ್ಯಾಸಿ ಆಗೋದಾ?" ಎಂದು ಛೇಡಿಸಿದರೂ ಅವನು ಬಾಯಿ ಬಿಡಲಿಲ್ಲ. ಹೆಂಡತಿ ಬಸುರಿ ಎಂದು ನಾಲ್ಕು ಜನರಲ್ಲಿ ಹೇಳಿದರೆ ದೃಷ್ಟಿಯಾದೀತೆಂಬ ಹೆದರಿಕೆ. ಶೇವಿಂಗು ಯಾಕೆ ನಿಂತಿತು ಎಂದು ಕೇಳಿದ ಪಾಷಾನಿಗೆ ಮಾತ್ರ ಹೇಳಿದ್ದ. ಸಾಬಮ್ಮನಿಗೆ ಏಳು ತುಂಬಿತು. ಮೊದಲಿನವು ಇಷ್ಟು ದಿನ ಉಳಿದಿರಲಿಲ್ಲ. ಅವಳು ಗೋವಿಂದಮ್ಮನ ಹಳೆಯ ಸೀರೆ ಕತ್ತರಿಸಿ ಒಂದು ಪುಟ್ಟ ಕೌದಿ ಹೊಲಿಯಲು ಕೂತಳು.

ಹೊಸ ಅಚ್ಚು ಹೇಳಿದ್ದಕ್ಕಿಂತ ಬೇಗ ಬಂದುಬಿಟ್ಟಿತು. ಮಧುಕರ್ ಜರಡಿಯ ಕೋಣೆಗೆ ಓಡೋಡಿ ಬಂದ. "ಅಮೃತಪ್ಪ, ಬುಧವಾರ ದೊಡ್ಡ ಟ್ರಯಲ್. ಡೆಲ್ಲಿಯಿಂದ ಆರ್ಮಿ ಆಫೀಸರ್‌ಗಳು ಬರ್ತಿದಾರೆ. ಗಡ್ಡ ಗಿಡ್ಡ ಎಲ್ಲ ತೆಗೆಸಿ ನೀಟಾಗಿ ಬಾ. ನೀನಿಲ್ದೆ ಆಗಲ್ಲ ಮಾರಾಯ." ಅಮೃತಪ್ಪ ಬಾಯಿ ತೆರೆದ. ಸಾರ್, ಮನೆಯಲ್ಲಿ ಹೀಗಿದೆ ಎನ್ನಬೇಕಿತ್ತು. ನಾಲ್ಕು ಮಾತು, ಅಷ್ಟೇ ಬೇಕಿದ್ದದ್ದು. ಇಂಗ್ಲಿಷ್ ಕಲಿತ ದೊಡ್ಡ ಮನುಷ್ಯ, ಗಡ್ಡದ ಶಾಸ್ತ್ರ ಕೇಳಿ ನಕ್ಕುಬಿಟ್ಟರೆ ಎಂಬ ಸಂಕೋಚ ಅವನ ನಾಲಿಗೆ ಹಿಡಿಯಿತು. ಸಂಕೋಚ ಒಂದೇ ಅಲ್ಲ, ಅದನ್ನೂ ಹೇಳಿಬಿಡಬೇಕು. ನೀನಿಲ್ಲದೆ ಆಗುವುದಿಲ್ಲ ಎಂದು ಈ ಭೂಮಿಯ ಮೇಲೆ ಅವನಿಗೆ ಯಾರೂ ಹೇಳಿರಲಿಲ್ಲ. ಆ ಮಾತು ಕೇಳಿ ಅವನ ಎದೆ ಉಬ್ಬಿತು. ತೆರೆದ ಬಾಯಿಂದ ಬಂದದ್ದು, "ಆತು ಸಾಹೇಬ್ರ."

ಮಂಗಳವಾರ ಕೆಲಸ ಬಿಟ್ಟು ಬರುವಾಗ ಪಾಷಾನ ಅಂಗಡಿಗೆ ಹೋಗಿ ಕುರ್ಚಿಯಲ್ಲಿ ಕೂತ. ಪಾಷಾ ಕತ್ತಿ ಮುಟ್ಟಲಿಲ್ಲ. "ಘರ್ ಮೆ ಬಚ್ಚಾ ಬರೋದು ಐತೆ ಅಂದ್ಯಲ್ಲ ಭಾಯ್? ಯಾಕೆ ತೆಗೀತೀಯ? ನಿಮ್ಮಲ್ಲಿ ತೆಗಿಯಲ್ಲ ಅಂತ ನಂಗೇ ಗೊತ್ತು."

"ಸರ್ಕಾರದ ಕೆಲಸ ಅದ ಪಾಷಾ. ತೆಗಿ."

ಪಾಷಾ ತೆಗೆದ. ಅವತ್ತು ಕಿಚಾಯಿಸಲಿಲ್ಲ, ಮುಗಿದ ಮೇಲೆ ಎಂದಿನಂತೆ ಹಿಂದಿನಿಂದ ಕನ್ನಡಿಯನ್ನೂ ಹಿಡಿಯಲಿಲ್ಲ. ಅಮೃತಪ್ಪ ಹೆಗಲ ಮೇಲಿನ ಟವೆಲ್ಲನ್ನು ಗದ್ದದ ಕೆಳಗಿಂದ ನೆತ್ತಿಗೆ ಬಿಗಿದುಕೊಂಡು ಮನೆಗೆ ಹೋದ. ಹಲ್ಲುನೋವು ಎಂದ. ಸಾಬಮ್ಮ ನಂಬಿದಳು. ಅದೇ ನೋಡಿ ಹೊಟ್ಟೆ ಉರಿಸುವುದು. ತುಂಬಿದ ಬಸುರಿ ಎದ್ದು, ಲವಂಗ ಜಜ್ಜಿ, ಎಣ್ಣೆ ಬಿಸಿ ಮಾಡಿ, ಹತ್ತಿಯಲ್ಲಿ ಅದ್ದಿಕೊಂಡು ಬಂದು ಅವನ ಮುಂದೆ ಕಷ್ಟಪಟ್ಟು ಕೂತಳು. "ಎಲ್ಲಿ, ಬಾಯಿ ತಗೀರಿ," ಎಂದು ತಾನೇ ಟವೆಲ್ಲಿನ ಗಂಟು ಬಿಚ್ಚಿದಳು.

ಎಣ್ಣೆಯ ಹತ್ತಿ ಅವಳ ಬೆರಳಲ್ಲೇ ಉಳಿಯಿತು. "ತಗಸಿ ಬಂದ್ರೇನ್ರೀ?" ಎಂದಳು.

"ನಾನಿಲ್ದೆ ಆಗಂಗಿಲ್ಲ ಅಂದ್ರು. ದೇಶದ ಕೆಲಸ ಸಾಬವ್ವ," ಎಂದ. ತನಗೇ ಆ ಮಾತು ಹೊರಗಿನವನು ಆಡಿದಂತೆ ಕೇಳಿಸಿತು. ಸಾಬಮ್ಮ ಬೈಯಲಿಲ್ಲ, ಅಳಲೂ ಇಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು.

ಬುಧವಾರ ಟ್ರಯಲ್ ಆಯಿತು. ಅಧಿಕಾರಿಗಳು ಗಾಜಿನಾಚೆ ಸಾಲಾಗಿ ನಿಂತರು. ಅಮೃತಪ್ಪ ಬಗ್ಗಿದ, ಎದ್ದ, ತಲೆ ಆಡಿಸಿದ, ಹನ್ನೆರಡರ ಮಗ್ಗಿ ಜೋರಾಗಿ ಹೇಳಿದ. ಬಾಳೆಹಣ್ಣು ಬರಲಿಲ್ಲ. ಒಳಗೆ ಹೊಸ ರಬ್ಬರಿನ ವಾಸನೆ, ತನ್ನದೇ ಉಸಿರು, ಬೇರೆ ಏನೂ ಇಲ್ಲ. ಕೈ ಮೊಣಕಾಲ ಮೇಲೇ ಕೊನೆಯವರೆಗೂ ಉಳಿಯಿತು. ಹೊರಗೆ ಬಂದಾಗ ಮಧುಕರ್ ಅವನನ್ನು ಎಲ್ಲರೆದುರು ತಬ್ಬಿಕೊಂಡ. ಇನ್ನು ಕಾರ್ಖಾನೆಗೆ ಕಳಿಸಲು ಈ ಮುಖದ ಅಚ್ಚು ಬೇಕು ಎಂದು ಮಧ್ಯಾಹ್ನವೇ ಅವನನ್ನು ಮಲಗಿಸಿ, ಮೂಗಿಗೆ ಎರಡು ಕೊಳವೆ ಇಟ್ಟು, ಮುಖದ ತುಂಬ ಒದ್ದೆ ಪ್ಲಾಸ್ಟರು ಮೆತ್ತಿದರು. ಕಣ್ಣು ಮುಚ್ಚಿ, ಮುಖ ಭಾರವಾಗಿ, ಅಲ್ಲಾಡದೆ ಅವನು ಮಲಗಿದ್ದಾಗ ಗೇಟಿಗೆ ಗೋವಿಂದಮ್ಮನ ಫೋನು ಬಂತು. ಸುದ್ದಿ ತಂದ ಗುಮಾಸ್ತ ಬಾಗಿಲಲ್ಲಿ ಇಣುಕಿ ನೋಡಿ, ಪ್ಲಾಸ್ಟರು ಗಟ್ಟಿಯಾಗಲಿ, ಆಮೇಲೆ ಹೇಳಿದರಾಯಿತು ಎಂದು ಹೊರಗೆ ಬೆಂಚಿನ ಮೇಲೆ ಕೂತ. ಹೆರಿಗೆ ನೋವು ಅಂದರೆ ಈಗಲೇ ಆಗಿಬಿಡುತ್ತದೆಯೇ ಎಂದು ಅವನ ಲೆಕ್ಕ.

ಅಮೃತಪ್ಪ ಸರ್ಕಾರಿ ಹೆರಿಗೆ ಆಸ್ಪತ್ರೆ ಮುಟ್ಟಿದಾಗ ಎಲ್ಲ ಮುಗಿದಿತ್ತು. ಗಂಡು ಕೂಸು. ಹೊಕ್ಕುಳ ಬಳ್ಳಿ ಕುತ್ತಿಗೆಗೆ ಸುತ್ತಿಕೊಂಡು ಒಳಗೇ ಉಸಿರು ನಿಂತಿತ್ತು ಎಂದು ಡಾಕ್ಟರಮ್ಮ ಹೇಳಿದರು. ಯಾರು ಏನು ಮಾಡಿದ್ದರೂ ಆಗುತ್ತಿತ್ತು, ಇದು ಯಾರ ತಪ್ಪೂ ಅಲ್ಲ ಎಂದೂ ಹೇಳಿದರು. ಆ ಮಾತು ಅವನ ಕಿವಿಗೆ ಹೋಗಲೇ ಇಲ್ಲ. ಕಿವಿಯ ಹಿಂದೆ, ಹುಬ್ಬಿನಲ್ಲಿ ಅವನಿಗೆ ಇನ್ನೂ ಪ್ಲಾಸ್ಟರಿನ ಬಿಳಿ ಪುಡಿ ಇತ್ತು. ತಾನು ಅಲ್ಲಿ ಮಾಸ್ಕಿನೊಳಗೆ ಸೋಸಿದ ಗಾಳಿ ಎಳೆದುಕೊಂಡು ಚಪ್ಪಾಳೆ ಗಿಟ್ಟಿಸುತ್ತಿದ್ದಾಗ ಇಲ್ಲಿ ತನ್ನ ಕೂಸಿಗೆ ಉಸಿರಿರಲಿಲ್ಲ. ಅವನ ತಲೆಯಲ್ಲಿ ಕೂತದ್ದು ಇದೊಂದೇ, ಅದು ಸಾಯುವತನಕ ಅಲ್ಲೇ ಇತ್ತು.

ಸಾಬಮ್ಮ ಕೂಸನ್ನು ನೋಡಿದ್ದಳು. ನರ್ಸು ಬೇಡವೆಂದರೂ ಬಟ್ಟೆ ಸರಿಸಿ ನೋಡಿದ್ದಳು. ಅಮೃತಪ್ಪನ ಕೈಗೆ ಕೊಟ್ಟಾಗ ಅದು ಅವಳು ಹೊಲಿದ ಕೌದಿಯಲ್ಲಿ ಸುತ್ತಿದ ಗಂಟಾಗಿತ್ತು. ಬಿಚ್ಚಿ ನೋಡುವ ಧೈರ್ಯ ಅವನಿಗಾಗಲಿಲ್ಲ. ಅಹ್ಮದ್ ಪಾಷಾ ಅಂಗಡಿಗೆ ಬಾಗಿಲು ಹಾಕಿ ಬಂದ, ಆಟೋದಲ್ಲಿ ಜೊತೆಗೆ ಕೂತ, ಕಲ್ಪಳ್ಳಿಯ ಸ್ಮಶಾನದಲ್ಲಿ ಗುಂಡಿ ತೋಡಲು ತಾನೂ ಹಾರೆ ಹಿಡಿದ. ಕತ್ತಿ ಹಿಡಿದ ಕೈ ತನ್ನದೇ ಅಲ್ಲವೇ ಎಂದು ಅವನಿಗೂ ಸಂಕಟ. ಮಣ್ಣು ಮುಚ್ಚುವ ಮುಂಚೆ "ಒಂದ್ಸಲ ಮುಖ ನೋಡ್ಕೋ ಭಾಯ್," ಎಂದು ಪಾಷಾ ಹೇಳಿದ. ಅಮೃತಪ್ಪ ಬೇಡವೆಂದು ತಲೆ ಅಲ್ಲಾಡಿಸಿದ.

ಸಾಬಮ್ಮ ಮನೆಗೆ ಬಂದು ಕೆಲವು ದಿನವಾಗಿತ್ತು. ಒಂದು ಬೆಳಗ್ಗೆ ಅವನು ಗಂಜಿ ಕಾಸಿ ಬಟ್ಟಲು ಹಿಡಿದು ಅವಳ ಎದುರು ಕೂತ. ಅವಳು ತಲೆ ಎತ್ತಿ ಅವನನ್ನು ನೋಡಿದಳು, ತಕ್ಷಣ ಕಣ್ಣು ಮುಚ್ಚಿಕೊಂಡಳು. "ನಿಮ್ ಮಾರಿ ನೋಡ್ಲಾಕ ಆಗವಲ್ದು ರೀ ನನಗ," ಎಂದಳು. ಅವನು ಬಟ್ಟಲು ಕೆಳಗಿಟ್ಟು ಹೊರಗೆ ಹೋದ. ಯಾಕೆ ಎಂದು ಕೇಳಲಿಲ್ಲ. ಕೇಳುವುದೇನಿದೆ? ಕತ್ತಿ ಮುಟ್ಟಿಸಿದ ಮುಖ, ಮಾತು ಮುರಿದ ಮುಖ. ಅವತ್ತಿನಿಂದ ಅವನ ಗಡ್ಡಕ್ಕೆ ಕತ್ತಿ ಸೋಕಲಿಲ್ಲ.

ಎರಡು ತಿಂಗಳ ಮೇಲೆ ಇನ್ನೊಂದು ಪರೀಕ್ಷೆಗೆ ಮಧುಕರ್ ಕರೆದಾಗ ಅಮೃತಪ್ಪ ಗಡ್ಡ ಹಿಡಿದುಕೊಂಡೇ ನಿಂತು, ಆಗಿದ್ದೆಲ್ಲ ಹೇಳಿದ. ಕೂಸು ಹೋದದ್ದು ಮಧುಕರ್‌ಗೆ ಗೊತ್ತಿತ್ತು, ಗಡ್ಡದ ವಿಷಯ ಗೊತ್ತಿರಲಿಲ್ಲ. ಅವನು ಕುರ್ಚಿಗೆ ಕುಸಿದ. "ಅಯ್ಯೋ, ಒಂದು ಮಾತು ಹೇಳ್ಬಾರ್ದಿತ್ತೇನೋ? ನನ್ನ ಹೆಂಡ್ತಿ ಬಸುರಿದ್ದಾಗ ಒಂಬತ್ತು ತಿಂಗಳೂ ನಾನೇ ಗಡ್ಡ ಬಿಟ್ಕೊಂಡು ಆಫೀಸಿಗೆ ಬಂದಿದೀನಿ ಕಣೋ. ಟ್ರಯಲ್ ಮುಂದಕ್ಕೆ ಹಾಕಿಸ್ತಿದ್ದೆ. ಹೇಗಾದ್ರೂ ಮಾಡಿ ಹಾಕಿಸ್ತಿದ್ದೆ." ಅವನ ಕಣ್ಣಲ್ಲಿ ನೀರು ಬಂತು. ಅಮೃತಪ್ಪನಿಗೆ ಬರಲಿಲ್ಲ. ನಗುತ್ತಾನೆಂದು ಹೆದರಿದ್ದ ಮನುಷ್ಯ ತನ್ನ ಎದುರೇ ಅಳುವುದನ್ನು ನೋಡುತ್ತ ಅವನು ಮರ ನಿಂತ ಹಾಗೆ ನಿಂತಿದ್ದ.

ಆಮೇಲೆ ಗೂಡಿನೊಳಗೆ ಅವನ ಬದಲು ಅವನ ಪ್ಲಾಸ್ಟರಿನ ಮುಖದಿಂದ ಹೊಯ್ದ ಲೋಹದ ತಲೆ ಕೂತಿತು. ಅದಕ್ಕೆ ಬಸುರಿ ಹೆಂಡತಿ ಇರಲಿಲ್ಲ, ಶಾಸ್ತ್ರವೂ ಇರಲಿಲ್ಲ, ಅದು ಕೈಯನ್ನೂ ಎತ್ತುತ್ತಿರಲಿಲ್ಲ. ಅದರ ಕೆನ್ನೆಯ ಮೇಲೆ ಮಾಸ್ಕುಗಳು ಒಂದರ ಹಿಂದೆ ಒಂದು ಪಾಸಾದವು. ಮಧುಕರ್ ಓಡಾಡಿ ಅಮೃತಪ್ಪನಿಗೆ ಅದೇ ಕಟ್ಟಡದಲ್ಲಿ ಗುಡಿಸಿ ಒರೆಸುವ ಕೆಲಸ ಕಾಯಂ ಮಾಡಿಸಿದ. ಕಿಟಕಿಯ ಪಕ್ಕದ ಕಪಾಟಿನ ಮೇಲೆ ಮೂಲ ಪ್ಲಾಸ್ಟರಿನ ಮುಖವೂ ಇತ್ತು. ಕಣ್ಣು ಮುಚ್ಚಿದ, ನುಣ್ಣಗೆ ಬೋಳಿಸಿದ, ಅವತ್ತಿನ ಮಧ್ಯಾಹ್ನದ ಮುಖ. ಗಡ್ಡದ ಅಮೃತಪ್ಪ ದಿನಾ ಬೆಳಗ್ಗೆ ಅದರ ಧೂಳು ಒರೆಸಬೇಕಾಗಿತ್ತು. ಒರೆಸುತ್ತಿದ್ದ.

ಎರಡು ಸಾವಿರದ ಒಂದರ ಕೊನೆಯಲ್ಲಿ, ಅಮೆರಿಕದಲ್ಲಿ ಕವರಿನೊಳಗೆ ರೋಗದ ಪುಡಿ ಹಾಕಿ ಕಳಿಸುತ್ತಿದ್ದಾರೆಂಬ ಸುದ್ದಿ ಬಂದಾಗ ಇಲ್ಲಿಯೂ ಜನ ಕವರು ಕಂಡರೆ ಬೆಚ್ಚತೊಡಗಿದರು. ಬಿಳಿ ಪುಡಿ ಕಂಡಿತು ಎಂದು ಆಫೀಸುಗಳಿಂದ ಫೋನಿನ ಮೇಲೆ ಫೋನು. ಈ ಕಾಂಪೌಂಡಿನಿಂದ ಹುಡುಗರು ಮಾಸ್ಕು ಹಾಕಿಕೊಂಡು ವ್ಯಾನಿನಲ್ಲಿ ಹೋಗಿ ಬರುತ್ತಿದ್ದರು. ಪೆಟ್ಟಿಗೆಗಳನ್ನು ವ್ಯಾನಿಗೆ ಏರಿಸುತ್ತಿದ್ದವನು ಅಮೃತಪ್ಪ. ಒಂದು ಕಡೆ ಮೈದಾ ಹಿಟ್ಟು ಸಿಕ್ಕಿತು, ಇನ್ನೊಂದು ಕಡೆ ಮೈಗೆ ಹಚ್ಚುವ ಪೌಡರು. ಯಾರಿಗೂ ಏನೂ ಆಗಲಿಲ್ಲ. ಗೋವಿಂದಮ್ಮನ ಮನೆಯ ಟಿವಿಯಲ್ಲಿ ಮಾಸ್ಕಿನ ಹುಡುಗರು ಕಂಡಾಗ ಸಾಬಮ್ಮ, "ಅದು ನಿಮ್ದೇನ್ರೀ?" ಎಂದು ಕೇಳಿದಳು. ಇವನು "ಹ್ಞೂ" ಎಂದ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೋದಳು. ಮನಸ್ಸಿನಲ್ಲಿ ಶಪಿಸುತ್ತಿದ್ದಾಳೆ ಎಂದು ಅಮೃತಪ್ಪ ತಿಳಿದ.

ಹಾಗೆಂದು ಅವರು ಬೇರೆಯಾಗಲಿಲ್ಲ, ಜಗಳವನ್ನೂ ಆಡಲಿಲ್ಲ. ಅವಳು ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದಳು, ಅವನು ಹಬ್ಬಕ್ಕೆ ಕಮರ್ಷಿಯಲ್ ಸ್ಟ್ರೀಟಿನಿಂದ ಸೀರೆ ತಂದ. ಮತ್ತೆ ಬಸಿರು ನಿಲ್ಲಲಿಲ್ಲ. ಕೈ ಎತ್ತುವ ಆಟ ಮಾತ್ರ ಅವರ ಮನೆಯಿಂದ ಹೋಯಿತು. ಬಾಳೆಹಣ್ಣನ್ನೂ ಅವರು ತರುತ್ತಿರಲಿಲ್ಲ.

ಎರಡು ಸಾವಿರದ ಏಳರ ಹೊತ್ತಿಗೆ ಅಮೃತಪ್ಪನ ಉಸಿರು ಕೆಟ್ಟಿತು. ಬೀಡಿ ಇತ್ತು, ಚಿಕ್ಕಂದಿನಿಂದ ಊರಿನ ಕಲ್ಲುಗಣಿಯಲ್ಲಿ ತಿಂದ ನಾಪರಾಯಿ ಕಲ್ಲಿನ ಧೂಳು, ಸಿಮೆಂಟಿನ ಧೂಳು ಇತ್ತು. ಹಲಸೂರಿನ ಕಡೆಯ ಒಂದು ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು ಸಾಬಮ್ಮನನ್ನು ಹೊರಗೆ ಕರೆದು, ಉಳಿಯುವ ಭರವಸೆ ಇಲ್ಲ, ಉಸಿರಾಟದ ಕಷ್ಟ ಆದಷ್ಟು ಕಮ್ಮಿ ಮಾಡುತ್ತೇವೆ ಎಂದರು. ಅದಕ್ಕೆ ಯಂತ್ರ ತಂದರು, ಅದರ ತುದಿಗೆ ಮೂಗು ಬಾಯಿ ಮುಚ್ಚುವ ಒಂದು ಮಾಸ್ಕು. ಕಟ್ಟಿದರು. ಗಾಳಿ ಗಡ್ಡದ ಸಂದಿನಿಂದ ಸುಯ್ ಎಂದು ಹೊರಗೇ ಹೋಯಿತು. ಪಟ್ಟಿ ಬಿಗಿದರು, ಆದರೂ ಹೋಯಿತು.

"ಗಡ್ಡ ತೆಗೀಲೇಬೇಕಮ್ಮ, ಇಲ್ದಿದ್ರೆ ಮಾಸ್ಕ್ ಕೂರಲ್ಲ," ಎಂದು ನರ್ಸು ರೇಜರು ತಂದಳು. ಅದು ಅಮೃತಪ್ಪನಿಗೆ ಯಾರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ. ಆದರೆ ಅವನು ಎರಡೂ ಕೈಯಲ್ಲಿ ಗಡ್ಡವನ್ನು ಹಿಡಿದುಕೊಂಡ. ಉಸಿರು ಸಿಗದೆ ತುಟಿ ನೀಲಿಯಾಗುತ್ತಿತ್ತು, ಎದೆ ತಿದಿಯಂತೆ ಎದ್ದು ಬೀಳುತ್ತಿತ್ತು. "ಬ್ಯಾಡ," ಎಂದ. "ಆಕಿ ನೋಡಾಂಗಿಲ್ಲ... ನನ್ ಮಾರಿ ಆಕಿ ನೋಡಾಂಗಿಲ್ಲ... ಬ್ಯಾಡ."

ಸಾಬಮ್ಮ ಇದನ್ನು ಕೇಳಿದಳು. ಇಷ್ಟು ವರ್ಷ ಅವನು ಹೊತ್ತದ್ದು ಏನು ಎಂದು ಅವಳಿಗೆ ಆಗ ತಿಳಿಯಿತು. ಮಗ ಹೋದ ದುಃಖಕ್ಕೆ ಗಡ್ಡ ಬಿಟ್ಟಿದ್ದಾನೆ ಎಂದೇ ಅವಳು ತಿಳಿದಿದ್ದಳು. ನರ್ಸಿನ ಕೈಯಿಂದ ರೇಜರು ತೆಗೆದುಕೊಂಡಳು. "ಕೈ ತಗೀರಿ. ನಾ ತಗೀತೀನಿ," ಎಂದಳು. ಅವಳ ಮಾತಿಗೆ ಅವನ ಕೈ ಸಡಿಲವಾಯಿತು.

ಅವಳು ಯಾವತ್ತೂ ಯಾರಿಗೂ ಗಡ್ಡ ತೆಗೆದವಳಲ್ಲ. ಕತ್ತರಿಯಿಂದ ಮೊದಲು ಗಿಡ್ಡ ಮಾಡಿದಳು, ನೀರು ಹಚ್ಚಿದಳು, ಒಂದು ಕೈಯಿಂದ ಚರ್ಮ ಎಳೆದು ಹಿಡಿದು ಮೆಲ್ಲಗೆ ರೇಜರು ಆಡಿಸಿದಳು. ಕಿಟಕಿಯಿಂದ ಬೆಳಗಿನ ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಬಿಳಿಗಡ್ಡ ಇಳಿದು ಒಳಕ್ಕೆ ಬಿದ್ದ ಕೆನ್ನೆ ಬಂತು, ದವಡೆ ಬಂತು, ಗದ್ದದ ಕುಳಿ ಬಂತು. ಸಾಬಮ್ಮನ ಕೈ ನಿಂತಿತು. ಕಣ್ಣು ಮುಚ್ಚಿಕೊಳ್ಳಲಿಲ್ಲ. ನೀರು ಇಳಿಯುತ್ತಿದ್ದರೂ ನೋಡಿದಳು, ತುಂಬ ಹೊತ್ತು ನೋಡಿದಳು. ನರ್ಸು ಮಾಸ್ಕು ಕಟ್ಟಿದಾಗ ಅದು ಸದ್ದಿಲ್ಲದೆ ಕೂತುಕೊಂಡಿತು. ಅವನ ಎದೆಯ ಓಟ ನಿಧಾನವಾಯಿತು.

ಸಾಬಮ್ಮ ಅವನ ಕಿವಿಯ ಹತ್ತಿರ ಬಗ್ಗಿದಳು. "ಆವತ್ತ ನಾ ಅಂದಿದ್ದು ಗಡ್ಡಕ್ಕಲ್ಲ ರೀ. ನೀವು ಕೂಸಿನ ಮಾರಿ ನೋಡ್ಲಿಲ್ಲ, ನಾ ನೋಡೀನಿ. ನಿಮ್ದೇ ಮಾರಿ ಇತ್ತು. ಇದೇ ಗಲ್ಲ, ಗದ್ದದ ಮ್ಯಾಲ ಇದೇ ಕುಳಿ. ನೀವು ಗಂಜಿ ತಂದು ಎದುರು ಕುಂತ್ರಲ್ಲ, ನನಗ ಅವನೇ ಕಂಡ. ಅದಕ್ಕ ನೋಡ್ಲಾಕ ಆಗವಲ್ದು ಅಂದೆ. ನಿಮ್ಮ ಮ್ಯಾಲ ಸಿಟ್ಟು ಇರ್ಲಿಲ್ಲ ರೀ. ಒಂದಿನಾನೂ ಇರ್ಲಿಲ್ಲ."

ಮಾಸ್ಕಿನೊಳಗಿಂದ ಅವನು ಮಾತಾಡುವಂತಿರಲಿಲ್ಲ. ಕಣ್ಣು ಮಾತ್ರ ಅವಳ ಮೇಲಿತ್ತು. ಹಾಸಿಗೆಯ ಮೇಲೆ ಬಿದ್ದಿದ್ದ ಅವನ ಬಲಗೈ ನಿಧಾನವಾಗಿ ಮೇಲೆದ್ದಿತು.

ನರ್ಸು ಓಡಿ ಬಂದು, "ಏನ್ ಅಂಕಲ್, ಗಾಳಿ ಲೀಕ್ ಆಗ್ತಿದ್ಯಾ?" ಎಂದು ಮಾಸ್ಕಿನ ಸುತ್ತ ಬೆರಳಾಡಿಸಿ ನೋಡಿದಳು. ಎಲ್ಲೂ ಸಂದಿರಲಿಲ್ಲ. "ಸರಿಯಾಗೇ ಕೂತಿದ್ಯಲ್ಲಮ್ಮ, ಯಾಕೆ ಕೈ ಎತ್ತಿದಾರೆ?" ಎಂದು ಸಾಬಮ್ಮನನ್ನು ಕೇಳಿದಳು. ಸಾಬಮ್ಮ ಆ ಕೈಯನ್ನು 'ಇಳಿಸಿ' ಎನ್ನಲಿಲ್ಲ. ಅದು ಸೋತು ಬೀಳದ ಹಾಗೆ ಮೊಣಕೈಯ ಕೆಳಗೆ ತನ್ನ ಅಂಗೈ ಕೊಟ್ಟು ಹಿಡಿದುಕೊಂಡು ಕೂತಳು.